ಮೈದಾನದಲ್ಲಿ ಡಿಸ್ಕೋ ಸುಟ್ಟರು, ಗೋದಾಮಿನಲ್ಲಿ ಹೌಸ್ ಬೆಳೆಯಿತು: ಫ್ರಾಂಕಿ ನಕಲ್ಸ್ ಎಂಬ ಡಿಜೆಯ ಕತೆ

ನಮ್ಮೂರಲ್ಲಿ ಡಿಜೆ ಅಂದ್ರೆ ಮನುಷ್ಯ ಅಲ್ಲ, ಡಬ್ಬ. ಗಣಪತಿ ಬಿಡೋ ದಿನ ಟ್ರ್ಯಾಕ್ಟರ್ ಮೇಲೆ ಹೇರಿಕೊಂಡು ಬರುವ, ಎದೆಗೂಡು ಅಲ್ಲಾಡಿಸುವ ಸ್ಪೀಕರ್ ಗೋಡೆಗೆ ನಾವು ಕೊಟ್ಟಿರುವ ಹೆಸರು ಅದು. 'ಈ ಸಲ ಡಿಜೆ ಎಷ್ಟಕ್ಕೆ ಮಾತಾಡಿದ್ರಿ?' ಅಂತ ಕೇಳ್ತಾರೆ. 'ಡಿಜೆ ನಿಷೇಧ' ಅಂತ ಪೊಲೀಸರ ಆದೇಶ ಬಂದಾಗಲೂ ನಿಷೇಧ ಆಗೋದು ಡಬ್ಬವೇ. ಅದರ ಹಿಂದೆ ಲ್ಯಾಪ್‌ಟಾಪ್ ಹಿಡಿದು ಕೂತ ಹುಡುಗನ ಹೆಸರು ಯಾರಿಗೂ ಗೊತ್ತಿರಲ್ಲ.

ಬೆಂಗಳೂರಿಗೆ ಇಂಜಿನಿಯರಿಂಗ್ ಓದಲು ಬಂದ ಮೇಲೆ ಡಿಜೆ ಅಂದ್ರೆ ಮನುಷ್ಯ ಕೂಡ ಹೌದು ಅಂತ ಗೊತ್ತಾಯ್ತು. ಅದೂ ಅರ್ಧ ರಾತ್ರಿ ಮಾತ್ರ. ಮೂರನೇ ವರ್ಷದಲ್ಲಿದ್ದಾಗ ಗೆಳೆಯನ ಹುಟ್ಟುಹಬ್ಬಕ್ಕೆ ಒಂದು ಪಬ್‌ಗೆ ಹೋಗಿದ್ದೆವು. ಮೂಲೆಯಲ್ಲಿದ್ದ ಡಿಜೆ ಆಗತಾನೆ ಹದಕ್ಕೆ ಬಂದಿದ್ದ. ಹನ್ನೊಂದೂವರೆಗೆ ಇಬ್ಬರು ಕಾನ್‌ಸ್ಟೆಬಲ್‌ಗಳು ಬಾಗಿಲಲ್ಲಿ ನಿಂತರು, ಟ್ಯೂಬ್‌ಲೈಟ್ ಹತ್ತಿತು, ಹಾಡು ಅರ್ಧಕ್ಕೇ ಕಟ್. ಕುಣಿಯುತ್ತಿದ್ದವರೆಲ್ಲ ಏನೋ ಕಳ್ಳತನ ಮಾಡಿ ಸಿಕ್ಕಿಬಿದ್ದವರ ಥರ ತಲೆ ತಗ್ಗಿಸಿಕೊಂಡು ಮೆಟ್ಟಿಲಿಳಿದೆವು. ಕುಣಿಯೋದಕ್ಕೂ ಲೈಸೆನ್ಸ್ ಬೇಕು ಅನ್ನೋದು ನನಗೆ ತಿಳಿದದ್ದು ಅವತ್ತು.

ಜನ ರಾತ್ರಿ ಒಟ್ಟಿಗೆ ಸೇರಿ ಕುಣಿಯೋದು ಅಂದ್ರೆ ಸರ್ಕಾರಗಳಿಗೆ ಯಾಕಿಷ್ಟು ಇರಿಸುಮುರಿಸು? ಈ ಪ್ರಶ್ನೆ ಹಿಡಿದು ಹೊರಟರೆ ಎಲ್ಲಿಂದ ಹೊರಟರೂ ಒಂದು ಹೆಸರಿಗೆ ಬಂದು ಮುಟ್ಟುತ್ತೇವೆ: ಫ್ರಾಂಕಿ ನಕಲ್ಸ್. ಇವತ್ತು ಜಗತ್ತಿನ ಯಾವುದೇ ಕ್ಲಬ್‌ನಲ್ಲಿ ಕೇಳುವ 'ದುಮ್ ದುಮ್ ದುಮ್ ದುಮ್' ಇದೆಯಲ್ಲ, ಅದರ ವಂಶವೃಕ್ಷದ ಬುಡದಲ್ಲಿ ಇರುವವರಲ್ಲಿ ಈತ ಒಬ್ಬ. ಕಪ್ಪು ಮನುಷ್ಯ, ಸಲಿಂಗಿ, ಹುಟ್ಟಿದ್ದು 1955ರಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ.

ನ್ಯೂಯಾರ್ಕಿನಲ್ಲಿ ಆಗ 'ಕ್ಯಾಬರೆ ಕಾನೂನು' ಅಂತ ಒಂದಿತ್ತು. 1926ರಲ್ಲಿ ಬಂದದ್ದು. ಲೈಸೆನ್ಸ್ ಇಲ್ಲದ ಬಾರು, ಹೋಟೆಲುಗಳಲ್ಲಿ ಜನ ಕುಣಿಯುವಂತಿರಲಿಲ್ಲ. ಅದು ರದ್ದಾದದ್ದು 2017ರಲ್ಲಿ, ಅಂದ್ರೆ ಮೊನ್ನೆ ಮೊನ್ನೆ. ಇನ್ನು ಗಂಡಸರು ಗಂಡಸರ ಜೊತೆ ಕುಣಿದರೆ ಕೇಳೋದೇ ಬೇಡ, ಪೊಲೀಸ್ ದಾಳಿ ಮಾಮೂಲಿ. 1969ರಲ್ಲಿ ಸ್ಟೋನ್‌ವಾಲ್ ಎಂಬ ಬಾರಿನಲ್ಲಿ ಇಂಥದ್ದೇ ದಾಳಿಗೆ ಜನ ತಿರುಗಿಬಿದ್ದರು. ಇವತ್ತು ಬೆಂಗಳೂರಿನಲ್ಲೂ ನಡೆಯುವ ಪ್ರೈಡ್ ಮೆರವಣಿಗೆಗಳ ಮೂಲ ಅಲ್ಲಿದೆ. ಆಗ ಫ್ರಾಂಕಿಗೆ ಹದಿನಾಲ್ಕು ವರ್ಷ.

ಎಪ್ಪತ್ತರ ದಶಕದ ಆರಂಭದಲ್ಲಿ ಆತ ಬಟ್ಟೆ ವಿನ್ಯಾಸ ಓದುತ್ತಾ, ರಾತ್ರಿಯೆಲ್ಲ ಕ್ಲಬ್ ಸುತ್ತುತ್ತಿದ್ದ. ಜೊತೆಗೆ ಆಪ್ತ ಗೆಳೆಯ ಲ್ಯಾರಿ ಲೆವಾನ್. ಇಬ್ಬರೂ ಕಾಂಟಿನೆಂಟಲ್ ಬಾತ್ಸ್ ಎಂಬಲ್ಲಿ ರೆಕಾರ್ಡ್ ಹಾಕುವ ಕೆಲಸ ಕಲಿತರು. ಹೆಸರೇ ಹೇಳುವ ಹಾಗೆ ಅದೊಂದು ಸ್ನಾನಗೃಹ, ಸಲಿಂಗಿ ಗಂಡಸರು ಸೇರುತ್ತಿದ್ದ ಜಾಗ. 1977ರಲ್ಲಿ ಶಿಕಾಗೋದಲ್ಲಿ ಹೊಸ ಕ್ಲಬ್ ತೆರೆಯುತ್ತಿದ್ದ ರಾಬರ್ಟ್ ವಿಲಿಯಮ್ಸ್ ಮೊದಲು ಕರೆದದ್ದು ಲೆವಾನ್‌ನನ್ನು. ಅವನು ನ್ಯೂಯಾರ್ಕ್ ಬಿಡಲ್ಲ ಅಂದ. ಎರಡನೇ ಆಯ್ಕೆಯಾಗಿ ಫ್ರಾಂಕಿ ಹೋದ. ಚರಿತ್ರೆ ಎಷ್ಟೋ ಸಲ ವೇಟಿಂಗ್ ಲಿಸ್ಟ್‌ನಲ್ಲಿ ಇದ್ದವರಿಂದ ಆಗುತ್ತೆ.

ಆ ಕ್ಲಬ್ಬಿನ ಹೆಸರು ವೇರ್‌ಹೌಸ್, ಅಂದ್ರೆ ಗೋದಾಮು. ವಿಳಾಸ 206, ಸೌತ್ ಜೆಫರ್ಸನ್ ಸ್ಟ್ರೀಟ್. ಮೂರು ಮಹಡಿಯ ಹಳೇ ಕೈಗಾರಿಕಾ ಕಟ್ಟಡ. ಶನಿವಾರ ರಾತ್ರಿ ಶುರುವಾದರೆ ಭಾನುವಾರ ಬಿಸಿಲು ಏರುವ ತನಕ. ಬರುತ್ತಿದ್ದವರು ಹೆಚ್ಚಾಗಿ ಕಪ್ಪು ಮತ್ತು ಲ್ಯಾಟಿನೋ ಹುಡುಗರು, ಬಹುತೇಕ ಸಲಿಂಗಿಗಳು. ಬಿಳಿಯರ ಗೇ ಬಾರುಗಳಿಗೆ ಹೋದರೆ ಬಣ್ಣದ ಕಾರಣಕ್ಕೆ ಬಾಗಿಲಲ್ಲೇ ತಡೆ, ಸ್ವಂತ ಬೀದಿಯಲ್ಲಿ ಸಲಿಂಗಿ ಅನ್ನೋ ಕಾರಣಕ್ಕೆ ಬೈಗುಳ. ಎರಡೂ ಕಡೆ ಸಲ್ಲದವರು ಇಲ್ಲಿಗೆ ಬಂದರು.

ಅಲ್ಲಿ ಮದ್ಯ ಮಾರುತ್ತಿರಲಿಲ್ಲ. ಇದೇನು ಗಾಂಧಿವಾದ ಅಲ್ಲ, ಕಾನೂನಿನ ಒಂದು ಸಂದು. ಮದ್ಯ ಮಾರುವ ಜಾಗಕ್ಕೆ ಮುಚ್ಚುವ ಸಮಯ ಇರುತ್ತೆ. ಬರೀ ಜ್ಯೂಸ್ ಕೊಟ್ಟರೆ ಆ ನಿಯಮ ಅನ್ವಯಿಸಲ್ಲ, ಬೆಳಗಾಗುವ ತನಕ ಕುಣಿಯಬಹುದು. 'ಕುಡುಕರ ಗಲಾಟೆ ತಡೆಯೋಕೆ ಬೇಗ ಮುಚ್ಚಿಸ್ತೀವಿ' ಅನ್ನೋ ವಾದವನ್ನು ನಾವೂ ಕೇಳಿದ್ದೇವೆ, ಅಲ್ವಾ? ಶಿಕಾಗೋದಲ್ಲಿ ಕುಡಿತವೇ ಇಲ್ಲದ ಕ್ಲಬ್ಬುಗಳು ಬಂದಾಗ ಆಡಳಿತ ಏನು ಮಾಡಿತು ಅನ್ನೋದನ್ನು ಮುಂದೆ ಹೇಳ್ತೀನಿ.

ಮೊದಲು ಕೆಲಸದ ವಿಷಯ. 'ಬೇರೆಯವರ ಹಾಡು ಹಾಕೋದರಲ್ಲಿ ಏನಿದೆ ಮಹಾ?' ಅಂತ ಅನ್ನಿಸುತ್ತೆ. ನನಗೂ ಅನ್ನಿಸಿತ್ತು. ಲೆಕ್ಕ ಹಾಕಿ ನೋಡಿದ ಮೇಲೆ ಅಭಿಪ್ರಾಯ ಬದಲಾಯ್ತು. ಒಂದು ಹಾಡು ನಿಮಿಷಕ್ಕೆ 120 ಬಡಿತದ್ದು ಅಂತಿಟ್ಟುಕೊಳ್ಳಿ, ಅಂದ್ರೆ ಅರ್ಧ ಸೆಕೆಂಡಿಗೆ ಒಂದು ಬಡಿತ. ಮುಂದೆ ಹಾಕಬೇಕಾದ ಹಾಡು 118ರದ್ದು. ಎರಡನ್ನೂ ಒಟ್ಟಿಗೆ ಬಿಟ್ಟರೆ ಒಂದು ನಿಮಿಷಕ್ಕೆ ಎರಡು ಬಡಿತ ಹಿಂದೆಮುಂದೆ ಆಗುತ್ತೆ. ಹದಿನೈದೇ ಸೆಕೆಂಡಿನಲ್ಲಿ ಒಂದರ ಬಡಿತ ಇನ್ನೊಂದರ ಎರಡು ಬಡಿತಗಳ ನಟ್ಟನಡುವೆ ಬಂದು ಬೀಳುತ್ತೆ, ಕುದುರೆ ಎಡವಿದ ಹಾಗೆ ಕೇಳಿಸುತ್ತೆ. ಅದಾಗಬಾರದು ಅಂದ್ರೆ ಎರಡನೇ ತಟ್ಟೆಯನ್ನು ಶೇಕಡ 1.7ರಷ್ಟು ವೇಗವಾಗಿ ತಿರುಗಿಸಬೇಕು. ಆಗ ಪರದೆ ಮೇಲೆ ಗ್ರಾಫ್ ತೋರಿಸುವ ಕಂಪ್ಯೂಟರ್ ಇರಲಿಲ್ಲ. ಒಂದು ಕಿವಿಯಲ್ಲಿ ಹೆಡ್‌ಫೋನ್, ಇನ್ನೊಂದರಲ್ಲಿ ಹಾಲಿನ ಸದ್ದು, ಬೆರಳ ತುದಿಯಲ್ಲಿ ತಿರುಗುವ ಪ್ಲಾಸ್ಟಿಕ್ಕು. ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್‌ನಲ್ಲಿ ಒಂದು ಸಲ ಬ್ಯಾಕ್ ಉಳಿಸಿಕೊಂಡ ನನಗೆ ಇದನ್ನು ಯಾರಾದರೂ ಹೀಗೆ ಹೇಳಿಕೊಟ್ಟಿದ್ದರೆ ಪಾಸಾಗ್ತಿದ್ದೆನೇನೋ.

ಇದು ಕೈಚಳಕ ಮಾತ್ರ. ನಿಜವಾದ ಕೆಲಸ ಬೇರೆ. ಯಕ್ಷಗಾನ ನೋಡಿದವರಿಗೆ ಇದನ್ನು ಹೇಳೋದು ಸುಲಭ. ಭಾಗವತರು ವೇಷ ಹಾಕಲ್ಲ, ಕುಣಿಯಲ್ಲ. ಆದರೆ ಪದ ಯಾವಾಗ ಎತ್ತಬೇಕು, ಯಾವುದನ್ನು ಎಳೆಯಬೇಕು, ನಿದ್ದೆಗೆ ಜಾರುತ್ತಿರುವ ಸಭೆಯನ್ನು ಮೂರು ಗಂಟೆಗೆ ಹೇಗೆ ಎಬ್ಬಿಸಬೇಕು ಅನ್ನೋದೆಲ್ಲ ಅವರ ಕೈಯಲ್ಲಿ. ಇಡೀ ರಾತ್ರಿಗೆ ಒಂದು ಆಕಾರ ಕೊಡೋರು ಅವರು. ಫ್ರಾಂಕಿ ಮಾಡ್ತಿದ್ದದ್ದು ಅದನ್ನೇ. ಕೆಲವೊಮ್ಮೆ ಹಾಲಿನ ಎಲ್ಲಾ ದೀಪ ಆರಿಸಿ, ವೇಗದ ರೈಲೊಂದು ಹಾದುಹೋಗುವ ಸದ್ದಿನ ರೆಕಾರ್ಡ್ ಹಾಕುತ್ತಿದ್ದನಂತೆ. ಕತ್ತಲಲ್ಲಿ ರೈಲು ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ನುಗ್ಗಿದ ಹಾಗೆ. ಜನ ಕಿರುಚುತ್ತಿದ್ದರು. ಅಂದ ಹಾಗೆ, ಯಕ್ಷಗಾನದಲ್ಲೂ ಈಗ 'ಕಾಲಮಿತಿ' ಬಂದಿದೆ. ಅದರ ಹಿಂದಿನ ಕಾರಣಗಳಲ್ಲಿ ರಾತ್ರಿ ಹತ್ತರ ನಂತರದ ಧ್ವನಿವರ್ಧಕ ನಿಯಮವೂ ಒಂದು. ರಾತ್ರಿಯ ಮೇಲಿನ ಕತ್ತರಿ ಪಬ್‌ಗೆ ಮಾತ್ರ ಬೀಳಲ್ಲ.

ಈ ನಡುವೆ ಹೊರಗೆ ಏನಾಗ್ತಿತ್ತು? 1979ರ ಜುಲೈ 12, ಶಿಕಾಗೋದ ಕಾಮಿಸ್ಕಿ ಪಾರ್ಕ್ ಎಂಬ ಬೇಸ್‌ಬಾಲ್ ಮೈದಾನ. ಸ್ಟೀವ್ ದಾಲ್ ಅನ್ನೋ ರೇಡಿಯೋ ನಿರೂಪಕನ ಹಳೇ ಸ್ಟೇಷನ್ನು ರಾಕ್ ಬಿಟ್ಟು ಡಿಸ್ಕೋಗೆ ಬದಲಾದಾಗ ಅವನ ಕೆಲಸ ಹೋಗಿತ್ತು. ಹೊಸ ಸ್ಟೇಷನ್ ಸೇರಿ ಡಿಸ್ಕೋ ವಿರುದ್ಧ ಯುದ್ಧ ಸಾರಿದ. ಒಂದು ಡಿಸ್ಕೋ ರೆಕಾರ್ಡ್ ತಂದರೆ ಟಿಕೆಟ್ ಬರೀ 98 ಸೆಂಟ್. ಸುಮಾರು 50,000 ಜನ ಸೇರಿದರು. ಎರಡು ಪಂದ್ಯಗಳ ಮಧ್ಯೆ ರೆಕಾರ್ಡುಗಳ ರಾಶಿಯನ್ನು ಮೈದಾನದ ನಡುವೆ ಇಟ್ಟು ಸ್ಫೋಟಿಸಿದರು. ಸಾವಿರಾರು ಜನ ಮೈದಾನಕ್ಕೆ ನುಗ್ಗಿದರು, ಎರಡನೇ ಪಂದ್ಯ ನಡೆಯಲೇ ಇಲ್ಲ.

ಅಲ್ಲಿ ಟಿಕೆಟ್ ನೋಡಿ ಸೀಟು ತೋರಿಸುವ ಕೆಲಸಕ್ಕಿದ್ದ ವಿನ್ಸ್ ಲಾರೆನ್ಸ್ ಎಂಬ ಕಪ್ಪು ಹುಡುಗ ಒಂದು ವಿಷಯ ಗಮನಿಸಿದ. ಜನ ಸುಡಲು ತಂದದ್ದು ಡಿಸ್ಕೋ ಮಾತ್ರ ಆಗಿರಲಿಲ್ಲ. ಡಿಸ್ಕೋಗೆ ಸಂಬಂಧವೇ ಇಲ್ಲದ ಕಪ್ಪು ಗಾಯಕರ ರೆಕಾರ್ಡುಗಳೂ ಅದರಲ್ಲಿದ್ದವು. ಇದು ಜನಾಂಗದ್ವೇಷ ಅಲ್ಲ, ಸಲಿಂಗಿಗಳ ದ್ವೇಷವೂ ಅಲ್ಲ, ಬರೀ ತಮಾಷೆ ಅಂತ ದಾಲ್ ಮತ್ತೆ ಮತ್ತೆ ಹೇಳಿದ್ದಾನೆ. ಇರಬಹುದು, ಅವನ ಮನಸ್ಸಲ್ಲಿ ಏನಿತ್ತೋ. ಆದರೆ ಐವತ್ತು ಸಾವಿರ ಜನರನ್ನು ಸೇರಿಸಿ ಏನನ್ನಾದರೂ ಸುಡುವಾಗ, ಯಾವುದನ್ನು ಸುಡ್ತಾರೆ ಅನ್ನೋದು ಸುಡಲು ಕರೆದವನ ಕೈಯಲ್ಲಿ ಇರಲ್ಲ. ಗುಂಪಿಗೆ ಬೆಂಕಿ ಕೊಟ್ಟು 'ನಾನು ಹಾಗೆ ಹೇಳಿರಲಿಲ್ಲ' ಅನ್ನುವವರನ್ನು ನಾವೂ ನೋಡಿದ್ದೇವೆ.

ದೊಡ್ಡ ಕಂಪನಿಗಳು ಡಿಸ್ಕೋದಿಂದ ಬಲುಬೇಗ ಕೈತೊಳೆದುಕೊಂಡವು. ಆ ಬಗೆಯ ಹೊಸ ರೆಕಾರ್ಡುಗಳು ಬರೋದು ಕಡಿಮೆಯಾಯ್ತು. ಆದರೆ ವೇರ್‌ಹೌಸ್‌ನಲ್ಲಿ ಪ್ರತೀ ಶನಿವಾರ ಜನ ಬಂದು ನಿಲ್ತಾರಲ್ಲ, ಅವರಿಗೆ ಏನು ಹಾಕೋದು? ಇಲ್ಲಿ ಫ್ರಾಂಕಿ ಜುಗಾಡ್‌ಗೆ ಇಳಿದ. ಸೌಂಡ್ ಇಂಜಿನಿಯರಿಂಗ್ ಓದುತ್ತಿದ್ದ ಗೆಳೆಯನ ಸಹಾಯದಿಂದ ಹಳೇ ಹಾಡುಗಳನ್ನು ರೀಲ್ ಟೇಪಿಗೆ ಇಳಿಸಿಕೊಂಡು, ಟೇಪನ್ನೇ ಕತ್ತರಿಸಿ ಅಂಟಿಸಿದ. ಹಾಡಿನಲ್ಲಿ ಮಾತು ನಿಂತು ಬರೀ ಡ್ರಮ್ಮು, ಬೇಸ್ ಉಳಿಯುವ ಹತ್ತು ಸೆಕೆಂಡು ಇದೆ ಅಂದುಕೊಳ್ಳಿ. ಕುಣಿಯುವವರಿಗೆ ಜೀವ ಅದೇ. ಅದನ್ನು ಮತ್ತೆ ಮತ್ತೆ ಜೋಡಿಸಿ ಎರಡು ನಿಮಿಷ ಮಾಡು, ಕೆಳಗೆ ಇನ್ನೊಂದು ಬಡಿತ ಸೇರಿಸು. ಮೂರೂವರೆ ನಿಮಿಷದ ಸಿನಿಮಾ ಅಳತೆಯ ಹಾಡು ಹೀಗೆ ಒಂಬತ್ತು ನಿಮಿಷದ ನೃತ್ಯವಾಯ್ತು. 'ಹೌಸ್ ಮ್ಯೂಸಿಕ್' ಎಂಬ ಹೆಸರಿನ ಹುಟ್ಟಿಗೆ ಹಲವು ಕತೆಗಳಿವೆ. ಹೆಚ್ಚು ಜನ ಒಪ್ಪುವುದು ಇದು: ವೇರ್‌ಹೌಸ್‌ನಲ್ಲಿ ಕೇಳಿದ್ದನ್ನೇ ಹುಡುಗರು ರೆಕಾರ್ಡ್ ಅಂಗಡಿಗಳಲ್ಲಿ ಕೇಳ್ತಿದ್ದರು, ಅಂಗಡಿಯವರು ಆ ಸಾಲಿಗೆ ಕ್ಲಬ್ಬಿನ ಹೆಸರಿನ ಬಾಲವನ್ನಷ್ಟೇ ಉಳಿಸಿ ಚೀಟಿ ಅಂಟಿಸಿದರು. ಹೌಸ್ ಅಂದ್ರೆ ಡಿಸ್ಕೋ ತೀರಿಸಿಕೊಂಡ ಸೇಡು ಅನ್ನೋದು ಫ್ರಾಂಕಿಯ ಪ್ರಸಿದ್ಧ ಮಾತು.

1982ರಲ್ಲಿ ವೇರ್‌ಹೌಸ್‌ನ ಪ್ರವೇಶ ದರ ದುಪ್ಪಟ್ಟಾಯ್ತು. ಫ್ರಾಂಕಿ ಹೊರಬಂದು ಪವರ್ ಪ್ಲಾಂಟ್ ಎಂಬ ಸ್ವಂತ ಕ್ಲಬ್ ತೆರೆದ. ಈ ಹೊತ್ತಿಗೆ ಆತನ ಕೈಗೆ ಬಂದದ್ದು ಜಪಾನಿನ ರೋಲ್ಯಾಂಡ್ ಕಂಪನಿಯ ಟಿಆರ್-909 ಡ್ರಮ್ ಯಂತ್ರ. ಮಾರಿದವನು ಡೆಟ್ರಾಯ್ಟ್‌ನ ಡೆರಿಕ್ ಮೇ, ಮುಂದೆ ಟೆಕ್ನೋ ಸಂಗೀತದ ಜನಕರಲ್ಲಿ ಒಬ್ಬ ಅನ್ನಿಸಿಕೊಂಡವನು. 1983ರಲ್ಲಿ ಬಂದ ಈ ಯಂತ್ರ ಮಾರುಕಟ್ಟೆಯಲ್ಲಿ ತೋಪೆದ್ದಿತು, ತಯಾರಾದದ್ದೇ ಸುಮಾರು 10,000. ಅದರ ಕಿಕ್ ಡ್ರಮ್ ನಿಜವಾದ ಡ್ರಮ್ಮಿನ ಹಾಗೆ ಕೇಳಿಸ್ತಿರಲಿಲ್ಲ. ಒಳಗಿರೋದು ಒಂದು ಆಸಿಲೇಟರ್. ಗುಂಡಿ ಒತ್ತಿದಾಗ ಅದರ ಕಂಪನಾಂಕ ಮೇಲಿಂದ ಕೆಳಕ್ಕೆ ಸರಕ್ಕನೆ ಜಾರುತ್ತೆ, ಆ ಜಾರುವಿಕೆಯೇ ನಮಗೆ 'ದುಮ್' ಅಂತ ಎದೆಗೆ ಬಡಿಯೋದು. ವೃತ್ತಿಪರ ಸಂಗೀತಗಾರರು ಬೇಡ ಅಂದದ್ದರಿಂದ ಇಂಥ ಯಂತ್ರಗಳು ಸೆಕೆಂಡ್ ಹ್ಯಾಂಡ್ ಅಂಗಡಿಗೆ ಬಂದವು, ಸಂಗೀತ ಶಾಲೆ ಮೆಟ್ಟಿಲು ಹತ್ತದ ಬಡ ಹುಡುಗರ ಕೈಗೆ ಸಿಕ್ಕವು. ಸ್ಟುಡಿಯೋ ಬಾಡಿಗೆ ಇಲ್ಲ, ವಾದ್ಯವೃಂದ ಇಲ್ಲ, ಮಲಗುವ ಕೋಣೆಯಲ್ಲೇ ಹಾಡು ತಯಾರು. 1984ರಲ್ಲಿ ಜೆಸ್ಸಿ ಸಾಂಡರ್ಸ್ ಹೊರತಂದ 'ಆನ್ ಅಂಡ್ ಆನ್' ಅನ್ನು ಮೊದಲ ಹೌಸ್ ರೆಕಾರ್ಡುಗಳಲ್ಲಿ ಒಂದು ಅಂತಾರೆ. ಅದರಲ್ಲಿ ಜೊತೆಗಿದ್ದವನು ಯಾರು ಗೊತ್ತಾ? ಮೈದಾನದಲ್ಲಿ ಸೀಟು ತೋರಿಸುತ್ತಿದ್ದ ಅದೇ ವಿನ್ಸ್ ಲಾರೆನ್ಸ್.

ಒಂದು ಅಡ್ಡ ಮಾತು, ಇದು ನಮ್ಮ ಕಡೆಯದು. ಮುಂಬೈನ ಸಿನಿಮಾ ವಾದ್ಯಗಾರ ಚರಣಜಿತ್ ಸಿಂಗ್ 1982ರಲ್ಲೇ ಇದೇ ಕಂಪನಿಯ ಟಿಆರ್-808 ಮತ್ತು ಟಿಬಿ-303 ಯಂತ್ರಗಳಲ್ಲಿ ಹತ್ತು ರಾಗಗಳನ್ನು ಡಿಸ್ಕೋ ಬಡಿತಕ್ಕೆ ನುಡಿಸಿ ಎಲ್‌ಪಿ ತಂದಿದ್ದರು. ಶಿಕಾಗೋದ ಹುಡುಗರು ಅದೇ 303ರಿಂದ 'ಆಸಿಡ್ ಹೌಸ್' ಮಾಡಿ ಪ್ರಸಿದ್ಧರಾದದ್ದು 1987ರಲ್ಲಿ. ಇಬ್ಬರಿಗೂ ಒಬ್ಬರ ಬಗ್ಗೆ ಒಬ್ಬರಿಗೆ ಗೊತ್ತಿರಲಿಲ್ಲ. ಚರಣಜಿತ್ ಅವರ ಎಲ್‌ಪಿ ಧೂಳು ಹಿಡಿದು ಕೂತಿತ್ತು, 2010ರಲ್ಲಿ ಮರುಮುದ್ರಣ ಆದ ಮೇಲೆ ಜಗತ್ತು ಬೆರಗಾಯ್ತು. ರಾಗ, ಯಂತ್ರ, ಪ್ರತಿಭೆ ಎಲ್ಲವೂ ನಮ್ಮಲ್ಲಿತ್ತು. ಅದನ್ನು ರಾತ್ರಿಯಿಡೀ ಹಾಕಲು ಒಂದು ಗೋದಾಮು, ಕುಣಿಯಲು ಒಂದು ಸಮುದಾಯ ಇರಲಿಲ್ಲ. ಹೊಸ ಸಂಗೀತಕ್ಕೆ ಪ್ರತಿಭೆಯಷ್ಟೇ ಜಾಗವೂ ಮುಖ್ಯ ಅಂತ ನಾನು ವಾದಿಸೋದು ಇದಕ್ಕೇ.

ಈಗ ಜ್ಯೂಸ್ ಬಾರಿನ ವಿಷಯಕ್ಕೆ ಬರೋಣ. 1987ರಲ್ಲಿ ಶಿಕಾಗೋ ನಗರಾಡಳಿತ ಮದ್ಯ ಮಾರದ ಕ್ಲಬ್ಬುಗಳಿಗೂ ಮುಚ್ಚುವ ಸಮಯ ಹೇರಿತು. ಅಲ್ಲಿಗೆ ಕುಡಿತದ ವಾದದ ಮುಖವಾಡ ಕಳಚಿತು. ಅದೇ ವರ್ಷದ ಜನವರಿಯಲ್ಲಿ ಶಿಕಾಗೋದ ಸ್ಟೀವ್ ಹರ್ಲಿಯ ಹೌಸ್ ಹಾಡು ಬ್ರಿಟನ್ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು ಅನ್ನೋದನ್ನು ಪಕ್ಕದಲ್ಲಿಟ್ಟು ನೋಡಿ. ಊರಲ್ಲಿ ಬಾಗಿಲು ಮುಚ್ಚಿಸಿದ್ದನ್ನು ಪರದೇಶ ಕೊಂಡಾಡುತ್ತಿತ್ತು. ಆ ಬ್ರಿಟನ್ ಏನು ಕಡಿಮೆಯೇ? ಹೊಲಗದ್ದೆಗಳಲ್ಲಿ ಯುವಕರು ಸೇರಿ ಕುಣಿಯೋದು ಹೆಚ್ಚಾದಾಗ 1994ರಲ್ಲಿ ಕಾನೂನು ತಂದು, ಸಂಗೀತದ ವ್ಯಾಖ್ಯೆಯೊಳಗೆ 'ಒಂದರ ಹಿಂದೊಂದು ಮರುಕಳಿಸುವ ಬಡಿತಗಳು' ಅನ್ನೋದನ್ನೂ ಸೇರಿಸಿ, ಅಂಥ ಕೂಟಗಳನ್ನು ಚದುರಿಸುವ ಅಧಿಕಾರ ಪೊಲೀಸರಿಗೆ ಕೊಟ್ಟರು. ಸಂಸತ್ತೊಂದು ತಾಳದ ಮೇಲೆ ಕಾನೂನು ಬರೆದದ್ದು! ಆ ಲೆಕ್ಕದಲ್ಲಿ ನಮ್ಮ ತಮಟೆ, ಡೊಳ್ಳು ಎಲ್ಲವೂ ಅಪರಾಧಿಗಳೇ.

ದುಡ್ಡಿನ ಕತೆ ಇನ್ನೂ ಕಹಿ. ಫ್ರಾಂಕಿಯ ಹೆಸರಿನೊಂದಿಗೆ ಬೆಸೆದುಕೊಂಡಿರುವ ಹಾಡು 'ಯುವರ್ ಲವ್'. ಬರೆದು ಹಾಡಿದ್ದು ಜೇಮಿ ಪ್ರಿನ್ಸಿಪಲ್. ಮೊದಲು ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲಾಗುತ್ತಾ ಊರೆಲ್ಲ ಹರಡಿತು. 1987ರಲ್ಲಿ ಟ್ರ್ಯಾಕ್ಸ್ ಎಂಬ ಶಿಕಾಗೋ ಕಂಪನಿ ಅದನ್ನು ಹೊರತಂದಾಗ ಮೇಲೆ ಇದ್ದದ್ದು ಫ್ರಾಂಕಿಯ ಹೆಸರು. ಅದೇ ಕಂಪನಿಯ ಮೇಲೆ, ಹೌಸ್ ಸಂಗೀತದ ಇನ್ನಿಬ್ಬರು ದಿಗ್ಗಜರಾದ ಲ್ಯಾರಿ ಹರ್ಡ್ ಮತ್ತು ರಾಬರ್ಟ್ ಓವೆನ್ಸ್ ತಮ್ಮ ಹಾಡುಗಳ ಹಕ್ಕು, ರಾಯಲ್ಟಿಗಾಗಿ 2020ರಲ್ಲಿ ಮೊಕದ್ದಮೆ ಹೂಡಬೇಕಾಯ್ತು. 2022ರಲ್ಲಿ ಅದು ರಾಜಿಯಲ್ಲಿ ಮುಗಿಯಿತು, ಅಂದ್ರೆ ಹಾಡು ಬಂದು ಮೂವತ್ತೈದು ವರ್ಷಗಳಾದ ಮೇಲೆ. 'ಭೂಗತ' ಅನ್ನೋ ಪದವನ್ನು ನಾವು ರೋಮಾಂಚನದಿಂದ ಬಳಸ್ತೀವಿ. ಕರಾರುಪತ್ರ ಇಲ್ಲದ, ಲೆಕ್ಕಪುಸ್ತಕ ಇಲ್ಲದ ಜಾಗವೂ ಭೂಗತವೇ ಅನ್ನೋದು ಮರೆತುಹೋಗುತ್ತೆ. ನೆಲದಡಿ ಬೆಳೆದದ್ದನ್ನು ಕಿತ್ತುಕೊಂಡು ಹೋಗೋದೂ ಸುಲಭ.

ಫ್ರಾಂಕಿ ಲಂಡನ್‌ನಲ್ಲಿ ಕೆಲವು ತಿಂಗಳು ಇದ್ದು, ಮತ್ತೆ ನ್ಯೂಯಾರ್ಕ್ ಸೇರಿದ. ಡೇವಿಡ್ ಮೊರಾಲೆಸ್ ಜೊತೆ ಸೇರಿ ಮೈಕಲ್ ಜಾಕ್ಸನ್, ಡಯಾನಾ ರಾಸ್ ಥರದವರ ಹಾಡುಗಳನ್ನು ರೀಮಿಕ್ಸ್ ಮಾಡಿದ. 1998ರಲ್ಲಿ ಗ್ರ್ಯಾಮಿಯವರು ವರ್ಷದ ರೀಮಿಕ್ಸರ್ ಅಂತ ಹೊಸ ಪ್ರಶಸ್ತಿ ಶುರು ಮಾಡಿ ಮೊದಲನೆಯದನ್ನು ಆತನಿಗೇ ಕೊಟ್ಟರು. 2004ರಲ್ಲಿ ಶಿಕಾಗೋ ಆ ಹಳೇ ಕ್ಲಬ್ಬಿನ ಬೀದಿಯ ಒಂದು ತುಂಡಿಗೆ ಆತನ ಗೌರವಾರ್ಥ ಹೆಸರಿಟ್ಟಿತು. ಅದಕ್ಕೆ ಬೆಂಬಲ ನೀಡಿದವರಲ್ಲಿ ಆಗಿನ ರಾಜ್ಯ ಸೆನೆಟರ್ ಬರಾಕ್ ಒಬಾಮಾ ಕೂಡ ಒಬ್ಬರು. ಸಕ್ಕರೆ ಕಾಯಿಲೆಯಿಂದ 2008ರಲ್ಲಿ ಒಂದು ಪಾದ ಕತ್ತರಿಸಬೇಕಾಯ್ತು. ಆದರೂ ಆತ ಕ್ಲಬ್ಬಿಗೆ ಬರೋದು ಬಿಡಲಿಲ್ಲ. 2014ರ ಮಾರ್ಚ್ 31ರಂದು ತೀರಿಕೊಂಡ. ಅದಕ್ಕೆ ಕೆಲವೇ ದಿನ ಮುಂಚೆ ಲಂಡನ್‌ನಲ್ಲಿ ಜನರನ್ನು ಕುಣಿಸಿದ್ದ. ವಯಸ್ಸು 59.

ಇಷ್ಟೆಲ್ಲ ಆದ ಮೇಲೂ ಡಿಜೆ ಕಲಾವಿದನೋ, ಅಲ್ಲವೋ ಅನ್ನೋ ಪ್ರಶ್ನೆ ಜರ್ಮನಿಯಲ್ಲಿ ನ್ಯಾಯಾಲಯದ ತನಕ ಹೋಯ್ತು, ತೆರಿಗೆಯ ರೂಪದಲ್ಲಿ. ಕ್ಲಬ್ಬಿನ ಟಿಕೆಟ್ಟಿಗೆ ಮನರಂಜನೆಯ 19 ಶೇಕಡ ತೆರಿಗೆಯೋ, ಸಂಗೀತ ಕಛೇರಿಯ 7 ಶೇಕಡವೋ? ಡಿಜೆ ಬರೀ ಬೇರೆಯವರ ಹಾಡು ಹಾಕೋದಲ್ಲ, ತನ್ನ ಉಪಕರಣಗಳನ್ನು ವಾದ್ಯದಂತೆ ಬಳಸಿ ಹೊಸತೊಂದನ್ನು ಕಟ್ಟುತ್ತಾನೆ ಎಂದು ಒಪ್ಪಿದ ಅಲ್ಲಿನ ಉನ್ನತ ತೆರಿಗೆ ನ್ಯಾಯಾಲಯ 2020ರಲ್ಲಿ ಕ್ಲಬ್ಬುಗಳ ಪರ ನಿಂತಿತು. ಬೆಂಗಳೂರಿನಲ್ಲಿ ನಾವಿನ್ನೂ ಆ ಪ್ರಶ್ನೆಗೇ ಬಂದಿಲ್ಲ. ಲೈವ್ ಬ್ಯಾಂಡ್, ಡಿಸ್ಕೋ, ಕ್ಯಾಬರೆ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ ಪೊಲೀಸ್ ಆಯುಕ್ತರ ಲೈಸೆನ್ಸಿಗೆ ಕಟ್ಟಿದ 2005ರ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಸುರಕ್ಷತೆ, ಪಕ್ಕದ ಮನೆಯವರ ನಿದ್ದೆ, ಇವೆಲ್ಲ ಖಂಡಿತ ಮುಖ್ಯ. ನನ್ನ ಮನೆ ಪಕ್ಕವೂ ಒಂದು ಕಲ್ಯಾಣ ಮಂಟಪ ಇದೆ. ಆದರೆ ಶಬ್ದವನ್ನು ಡೆಸಿಬಲ್‌ನಲ್ಲಿ ಅಳೆಯಬಹುದು, ಬೆಂಕಿ ಸುರಕ್ಷತೆಗೆ ಬೇರೆ ನಿಯಮಗಳಿವೆ. ಕುಣಿತವನ್ನೇ ಅನುಮಾನದಿಂದ ನೋಡುವ ಲೈಸೆನ್ಸ್ ಇವೆರಡರಲ್ಲಿ ಯಾವುದನ್ನೂ ಮಾಡಲ್ಲ. ಅದು ಮಾಡೋದು ಇಷ್ಟೇ: ದುಡ್ಡಿದ್ದವನು ಲೈಸೆನ್ಸ್ ತಗೋತಾನೆ, ಪಂಚತಾರಾ ಹೋಟೆಲಿನಲ್ಲಿ ಟೇಬಲ್ಲಿಗೆ ಸಾವಿರಾರು ರೂಪಾಯಿ ಹಾಕ್ತಾನೆ. ಗೋದಾಮು ಬಾಡಿಗೆಗೆ ಹಿಡಿದು ಇನ್ನೂರು ರೂಪಾಯಿ ಟಿಕೆಟ್ ಇಟ್ಟು ಏನಾದರೂ ಹೊಸದು ಮಾಡಬೇಕು ಅಂದುಕೊಂಡ ಹುಡುಗ, ಹುಡುಗಿ, ಟ್ರಾನ್ಸ್ ವ್ಯಕ್ತಿಗೆ ಬಾಗಿಲು ತೆರೆಯೋದೇ ಇಲ್ಲ.

206, ಸೌತ್ ಜೆಫರ್ಸನ್ ಸ್ಟ್ರೀಟಿನ ಕಟ್ಟಡವನ್ನು 2023ರಲ್ಲಿ ಶಿಕಾಗೋ ನಗರ ಸಂರಕ್ಷಿತ ಸ್ಮಾರಕ ಅಂತ ಘೋಷಿಸಿತು. ಫ್ರಾಂಕಿಯ ರೆಕಾರ್ಡುಗಳ ಸಂಗ್ರಹ ನಗರದ ದಕ್ಷಿಣ ಭಾಗದಲ್ಲಿ, ಸ್ಟೋನಿ ಐಲ್ಯಾಂಡ್ ಆರ್ಟ್ಸ್ ಬ್ಯಾಂಕ್‌ನಲ್ಲಿದೆ. ಪಾಳುಬಿದ್ದಿದ್ದ ಆ ಹಳೇ ಬ್ಯಾಂಕ್ ಕಟ್ಟಡವನ್ನು ಕಲಾವಿದ ಥಿಯಾಸ್ಟರ್ ಗೇಟ್ಸ್ ನಗರದಿಂದ ಒಂದು ಡಾಲರಿಗೆ ಕೊಂಡು ನಿಲ್ಲಿಸಿದ್ದು.

ಶಿಕಾಗೋಗೆ ಹೋಗೋದು ಆಗದಿದ್ದರೂ 'ಯುವರ್ ಲವ್' ಮತ್ತು 1991ರ 'ದಿ ವಿಸಲ್ ಸಾಂಗ್' ಎರಡೂ ಯೂಟ್ಯೂಬಿನಲ್ಲೇ ಸಿಗುತ್ತವೆ. ಒಂದೇ ಕೋರಿಕೆ, ಮೊಬೈಲ್ ಸ್ಪೀಕರಿನಲ್ಲಿ ಕೇಳಬೇಡಿ. ಆ ಸಣ್ಣ ಸ್ಪೀಕರು 100 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು ಸರಿಯಾಗಿ ಹೊರಡಿಸಲ್ಲ, ಕಿಕ್ ಡ್ರಮ್ಮಿನ ಹೊಟ್ಟೆ ಇರೋದು ಅಲ್ಲೇ. ಒಳ್ಳೇ ಇಯರ್‌ಫೋನ್ ಹಾಕಿಕೊಳ್ಳಿ. ಅಥವಾ ಬರೋ ಗಣಪತಿಗೆ ಆ ಟ್ರ್ಯಾಕ್ಟರ್ ಹಿಂದೆ ಲ್ಯಾಪ್‌ಟಾಪ್ ಹಿಡಿದು ಕೂತಿರ್ತಾನಲ್ಲ, ಅವನ ಹತ್ತಿರ ಪೆನ್‌ಡ್ರೈವ್ ಕೊಟ್ಟು ಕೇಳಿ ನೋಡಿ. ಹಾಗೇ ಅವನ ಹೆಸರನ್ನೂ ಕೇಳಿ.